ಕಣ್ಣಿನೊಳಗೆ ಕೊಡುವ ಇಂಜೆಕ್ಷನ್: ಖರ್ಚನ್ನು ಹೇಗೆ ಹೊಂದಿಸಿಕೊಳ್ಳುವುದು?

ಪ್ರಶ್ನೆ: ನಮ್ಮ ತಂದೆಯವರಿಗೆ 64 ವರ್ಷ, ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷವಾಯಿತು. ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ನಡುಭಾಗದಲ್ಲಿ ನೀರು ತುಂಬಿ ಊತ ಬಂದಿದೆ, ತಿಂಗಳಿಗೊಂದರಂತೆ ಕಣ್ಣಿನೊಳಗೆ ಇಂಜೆಕ್ಷನ್ ಕೊಡಬೇಕು ಎಂದು ಬೆಂಗಳೂರಿನ ವೈದ್ಯರು ಹೇಳಿದ್ದಾರೆ. ಮೊದಲನೆಯದನ್ನು ಸಾಲ ಮಾಡಿ ಹಾಕಿಸಿದೆವು. ಮುಂದಿನದನ್ನು ಮಾವಿನ ಫಸಲು ಕೈಗೆ ಬಂದ ಮೇಲೆ ಹಾಕಿಸಿದರೆ ಆಗದೇ? ಖರ್ಚು ತಗ್ಗಿಸಲು ದಾರಿಯೇನು?
— ಶ್ರೀನಿವಾಸಪುರ ತಾಲ್ಲೂಕಿನ ಓದುಗರು

ಉತ್ತರ: ಫಸಲಿಗಾಗಿ ಕಾಯಬೇಡಿ. ಸಕ್ಕರೆ ಕಾಯಿಲೆಯಿಂದ ಹಾಳಾದ ಸಣ್ಣ ರಕ್ತನಾಳಗಳು ಸೋರುವುದನ್ನು ಈ ಔಷಧ ತಡೆಯುತ್ತದೆಯಾದರೂ, ಅದರ ಪ್ರಭಾವ ಕೆಲವು ವಾರಗಳಷ್ಟೇ ಇರುತ್ತದೆ. ಆರಂಭದ ತಿಂಗಳುಗಳಲ್ಲಿ ನಡುವೆ ಬಿಟ್ಟರೆ ನೀರು ಮತ್ತೆ ತುಂಬುತ್ತದೆ, ಬಹುಕಾಲ ಊದಿಕೊಂಡೇ ಇದ್ದ ರೆಟಿನಾ ಆಮೇಲೆ ಎಷ್ಟು ಖರ್ಚು ಮಾಡಿದರೂ ಮೊದಲಿನಂತಾಗದೆ ಹೋಗಬಹುದು. ದುಬಾರಿ ಔಷಧವನ್ನು ಒಮ್ಮೆ ಹಾಕಿಸಿ ನಿಲ್ಲಿಸುವುದಕ್ಕಿಂತ ಕೈಗೆಟುಕುವ ಔಷಧವನ್ನು ತಪ್ಪದೆ ಹಾಕಿಸುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದ್ದರಿಂದ ಒಂದು ಇಂಜೆಕ್ಷನ್ನಿನ ಬೆಲೆ ಕೇಳಿ ಎದೆಗುಂದುವ ಮೊದಲು ಇಡೀ ವರ್ಷದ ಲೆಕ್ಕ ಹಾಕಿ. ಅಮೆರಿಕದಲ್ಲಿ ಈ ಕಾಯಿಲೆಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ರೋಗಿಗಳಿಗೆ ಮೊದಲ ವರ್ಷ ಸಾಮಾನ್ಯವಾಗಿ 9ರಿಂದ 10 ಇಂಜೆಕ್ಷನ್ ಬೇಕಾದವು. ಎರಡನೆಯ ವರ್ಷ ಅದು 5–6ಕ್ಕೆ ಇಳಿಯಿತು. ಅಂದರೆ ಭಾರವೆಲ್ಲ ಮೊದಲ ವರ್ಷದ್ದು. ಔಷಧವನ್ನು ಆರಿಸುವಾಗ ಈ ಹತ್ತರಿಂದ ಗುಣಿಸಿ ನೋಡಿ.

ಬಳಕೆಯಲ್ಲಿರುವ ಮುಖ್ಯ ಔಷಧಗಳು ಬೆವಾಸಿಜುಮಾಬ್, ರಾನಿಬಿಜುಮಾಬ್ ಮತ್ತು ಅಫ್ಲಿಬರ್ಸೆಪ್ಟ್. ಮೊದಲನೆಯದಕ್ಕೆ ಕೆಲವು ಸಾವಿರ ರೂಪಾಯಿ ಸಾಕಾದರೆ, ಕೊನೆಯದರ ಮೂಲ ಬ್ರ್ಯಾಂಡಿಗೆ ಹಲವು ಹತ್ತು ಸಾವಿರ ಬೇಕಾಗುತ್ತದೆ. ಇಷ್ಟು ಅಂತರಕ್ಕೆ ಕಾರಣವಿದೆ. ಬೆವಾಸಿಜುಮಾಬ್ ಮೂಲತಃ ಕ್ಯಾನ್ಸರ್ ಔಷಧ. 4 ಮಿಲಿಲೀಟರಿನ ಸೀಸೆಯಲ್ಲಿ 100 ಮಿಲಿಗ್ರಾಂ ಇರುತ್ತದೆ, ಕಣ್ಣಿಗೆ ಬೇಕಾಗುವುದು 0.05 ಮಿಲಿಲೀಟರ್, ಅಂದರೆ ಒಂದು ಹನಿಯಷ್ಟು, 1.25 ಮಿಲಿಗ್ರಾಂ ಮಾತ್ರ. ಒಂದು ಸೀಸೆಯನ್ನು ಅನೇಕ ಸಿರಿಂಜುಗಳಿಗೆ ಹಂಚುವುದರಿಂದ ಬೆಲೆ ಇಳಿಯುತ್ತದೆ. ಅಗ್ಗದ್ದೆಂದು ಅನುಮಾನಿಸಬೇಕಿಲ್ಲ, ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿಯೇ ಇದನ್ನು ಕಣ್ಣಿನ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಆದರೆ ಹಂಚುವ ಕೆಲಸ ಸ್ವಲ್ಪವೂ ಸೋಂಕು ತಗುಲದಂತೆ ನಡೆಯಬೇಕು; ಎಲ್ಲಿ, ಹೇಗೆ ತುಂಬಿಸುತ್ತಾರೆ ಎಂದು ಆಸ್ಪತ್ರೆಯಲ್ಲಿ ಸಂಕೋಚವಿಲ್ಲದೆ ಕೇಳಿ. ರಾನಿಬಿಜುಮಾಬ್‌ಗೆ 2015ರಿಂದ ಭಾರತದಲ್ಲಿಯೇ ತಯಾರಾಗುವ ಬಯೋಸಿಮಿಲರ್, ಅಂದರೆ ಮೂಲ ಔಷಧಕ್ಕೆ ತೀರಾ ಹತ್ತಿರವಾಗಿ ತಯಾರಿಸಿದ ಔಷಧ, ಇದೆ. ಮೂಲ ಬ್ರ್ಯಾಂಡಿಗಿಂತ ಅದು ಅಗ್ಗ.

ಹಾಗಾದರೆ ದುಬಾರಿ ಔಷಧ ಅನಗತ್ಯವೇ? ಹಾಗೆಂದು ನಾನು ಹೇಳಲಾರೆ. ಮೇಲಿನ ಅಧ್ಯಯನದಲ್ಲಿ ದೃಷ್ಟಿ ಸ್ವಲ್ಪವೇ ಕುಂದಿದ್ದವರಿಗೆ ಮೂರೂ ಔಷಧಗಳು ಸಮಾನವಾಗಿ ಕೆಲಸ ಮಾಡಿದವು. ಹೆಚ್ಚು ಕುಂದಿದ್ದವರಿಗೆ ಮೊದಲ ವರ್ಷದಲ್ಲಿ ಅಫ್ಲಿಬರ್ಸೆಪ್ಟ್ ಹೆಚ್ಚು ಫಲ ಕೊಟ್ಟಿತು. 2022ರ ಮತ್ತೊಂದು ಅಧ್ಯಯನದಲ್ಲಿ, ಬೆವಾಸಿಜುಮಾಬ್‌ನಿಂದ ಆರಂಭಿಸಿ ಸಾಲದಿದ್ದರೆ ಮಾತ್ರ ಅಫ್ಲಿಬರ್ಸೆಪ್ಟ್‌ಗೆ ಬದಲಿಸಿದವರ ದೃಷ್ಟಿಯೂ, ಮೊದಲಿನಿಂದಲೇ ಅಫ್ಲಿಬರ್ಸೆಪ್ಟ್ ಪಡೆದವರ ದೃಷ್ಟಿಯೂ ಎರಡು ವರ್ಷಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಆದರೆ ಹಾಗೆ ಆರಂಭಿಸಿದ ಕಣ್ಣುಗಳಲ್ಲಿ ಶೇ 70ರಷ್ಟಕ್ಕೆ ಔಷಧ ಬದಲಿಸಬೇಕಾಯಿತು. ಹೀಗಾಗಿ ವೈದ್ಯರ ಮುಂದೆ "ವರ್ಷಕ್ಕೆ ನಮ್ಮಿಂದ ಇಷ್ಟು ಸಾಧ್ಯ, ಅಗ್ಗದ್ದರಿಂದ ಶುರುಮಾಡಿ ನೋಡಬಹುದೇ?" ಎಂದು ನೇರವಾಗಿ ಕೇಳಿ. ನಮ್ಮ ಕಡೆಯವರು ಹಣದ ಮಾತನ್ನು ವೈದ್ಯರೆದುರು ಎತ್ತಲು ಹಿಂಜರಿಯುತ್ತಾರೆ, ಆಮೇಲೆ ಸುಮ್ಮನೆ ಹೋಗುವುದನ್ನೇ ಬಿಡುತ್ತಾರೆ. ಇದು ನನಗೆ ತುಂಬಾ ನೋವು ಕೊಡುವ ಸಂಗತಿ.

ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ; ಎಪಿಎಲ್ ಆದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ಮೊತ್ತದ) ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಮೊದಲು ಹೋಗಿ, ನಿಮಗೆ ಬರೆದ ಔಷಧ ಯೋಜನೆಯ ಪ್ಯಾಕೇಜಿನಲ್ಲಿದೆಯೇ, ಇದ್ದರೆ ಯಾವ ಆಸ್ಪತ್ರೆಗೆ ರೆಫರಲ್ ಚೀಟಿ ಕೊಡುತ್ತಾರೆ ಎಂದು ಅಲ್ಲಿ ಯೋಜನೆಯ ಮಾಹಿತಿ ಕೊಡುವ ಆರೋಗ್ಯಮಿತ್ರರಲ್ಲಿ ವಿಚಾರಿಸಿ. ಖಾಸಗಿಯಲ್ಲಿ ಹಣ ಕಟ್ಟಿ ಬಂದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಮಿಂಟೋ ಕಣ್ಣಾಸ್ಪತ್ರೆಯೂ ಇದೆ.

ಖಾಸಗಿ ಆರೋಗ್ಯ ವಿಮೆ ಇರುವವರು ಒಂದು ವಿಷಯ ತಿಳಿದಿರಬೇಕು. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಹೊರಡಿಸಿದ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿ ಕಣ್ಣಿನೊಳಗಿನ ಇಂಜೆಕ್ಷನ್ನೂ ಸೇರಿದೆ. ಕಂಪನಿ ಅದಕ್ಕೊಂದು ಮಿತಿ ಹಾಕಬಹುದು, ಪೂರ್ತಿ ಹೊರಗಿಡುವಂತಿಲ್ಲ. ಪಾಲಿಸಿ ಮಾಡಿಸುವ ಮೊದಲೇ ಇದ್ದ ಸಕ್ಕರೆ ಕಾಯಿಲೆಗೆ ಕಾಯುವ ಅವಧಿ (ಕ್ಲೇಮ್ ಸಿಗದ ಆರಂಭದ ಅವಧಿ) ಈಗ ಹೆಚ್ಚೆಂದರೆ 36 ತಿಂಗಳು. ನನ್ನ ಚಿಕ್ಕಪ್ಪನವರ ಕ್ಲೇಮ್ ಒಮ್ಮೆ ವಾಪಸ್ ಬಂದದ್ದು ಔಷಧದ ಡಬ್ಬಿಯ ಮೇಲಿದ್ದ ಬ್ಯಾಚ್ ಸಂಖ್ಯೆಯ ಚೀಟಿ ಲಗತ್ತಿಸಿಲ್ಲವೆಂಬ ಕಾರಣಕ್ಕೆ; ಡಬ್ಬಿಯನ್ನು ಆಸ್ಪತ್ರೆಯ ಕಸದ ಬುಟ್ಟಿಗೆ ಹಾಕಿಯಾಗಿತ್ತು. ಆ ಚೀಟಿ, ಸ್ಕ್ಯಾನ್ ವರದಿ, ಡೇ ಕೇರ್ (ಅದೇ ದಿನ ಮನೆಗೆ ಕಳಿಸುವ ಚಿಕಿತ್ಸೆ) ಎಂದು ಸ್ಪಷ್ಟವಾಗಿ ಬರೆದ ಡಿಸ್ಚಾರ್ಜ್ ಪತ್ರ ಇವೆಲ್ಲವನ್ನೂ ಅಲ್ಲಿಂದ ಹೊರಡುವ ಮುನ್ನವೇ ಪಡೆದುಕೊಳ್ಳಿ. ಅನ್ಯಾಯವಾಗಿ ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಅಲ್ಲೂ ನ್ಯಾಯ ಸಿಗದಿದ್ದರೆ ಬೆಂಗಳೂರಿನಲ್ಲಿರುವ, ವಿಮೆಯ ದೂರುಗಳನ್ನು ವಿಚಾರಿಸುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ.

ಓಡಾಟದ ಖರ್ಚೂ ಸಣ್ಣದಲ್ಲ. ಸ್ಕ್ಯಾನ್ ಮತ್ತು ಇಂಜೆಕ್ಷನ್ ಎರಡನ್ನೂ ಒಂದೇ ದಿನ ಮುಗಿಸಿಕೊಡಿ ಎಂದು ಕೇಳಿ. ಊತ ತಗ್ಗಿದ ಮೇಲೆ ಅಂತರವನ್ನು ಆರು, ಎಂಟು ವಾರಗಳಿಗೆ ಹಿಗ್ಗಿಸಬಹುದೇ ಎಂದೂ ವಿಚಾರಿಸಿ. ಆದರೆ ಇಂಜೆಕ್ಷನ್ ಆದ ಒಂದು ವಾರದೊಳಗೆ ಕಣ್ಣು ಕೆಂಪಾಗಿ ನೋವು ಹೆಚ್ಚುತ್ತಾ ಹೋದರೆ ಅಥವಾ ದೃಷ್ಟಿ ಮಬ್ಬಾದರೆ, ಬಸ್ ಚಾರ್ಜಿನ ಲೆಕ್ಕ ಹಾಕದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.