ಬಿದ್ರಿ ಓಲೆಗೆ ಕೋಟೆ ಮಣ್ಣಿನ ಪರೀಕ್ಷೆ

ಕಪ್ಪು ಲೋಹಕ್ಕೆ ಬೆಳ್ಳಿ ಕೂರಿಸಿ ಮಾಡುವ ಬೀದರಿನ ಬಿದ್ರಿ ಎಂದರೆ ಹೂದಾನಿ, ಹುಕ್ಕಾದ ಬುಡ, ಎಲೆ ಅಡಿಕೆ ಡಬ್ಬಿ ಎಂದುಕೊಂಡವರೇ ಜಾಸ್ತಿ. 2023ರಲ್ಲಿ ಬೀದರಿನ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗಲೂ ಪೇಪರುಗಳಲ್ಲಿ ಕಂಡದ್ದು ಇಂಥ ಪಾತ್ರೆಗಳೇ. ಆದರೆ ಅದೇ ಕಪ್ಪು ಲೋಹ, ಅದೇ ಬೆಳ್ಳಿ ಬಳ್ಳಿ ಈಗ ಓಲೆ, ಪದಕ, ಬಳೆಗಳಾಗಿಯೂ ಬರುತ್ತಿವೆ. ಹೂದಾನಿ ಕಪಾಟಿನಲ್ಲಿ ಸುಮ್ನೆ ಕೂತಿರುತ್ತದೆ. ಓಲೆಗೆ ಆ ಸುಖವಿಲ್ಲ. ಹಗುರ ಇರಬೇಕು, ದಿನಾ ಹಾಕಿ ಬಿಚ್ಚಿದರೂ ಮುರಿಯಬಾರದು, ನಮ್ಮ ಕಡೆಯ ಮೇ ತಿಂಗಳ ಬೆವರನ್ನೂ ತಡೆಯಬೇಕು.

ಹಾಗಾಗಿ ಹೊಸ ಉಪಕರಣ, ಹೊಸ ಲೋಹಗಳ ಪ್ರಯೋಗ ನಡೆಯಲೇಬೇಕು. ಉಳಿ ಬದಲಿಸಬಹುದು, ಅಚ್ಚು ಬದಲಿಸಬಹುದು. ಆದರೆ ಏನೇ ತಂದರೂ ಅದು ಕೊನೆಗೆ ಕೋಟೆ ಮಣ್ಣಿನಲ್ಲಿ ಪಾಸಾಗಬೇಕು. ನನ್ನ ಮಟ್ಟಿಗೆ ಬಿದ್ರಿ ಅನ್ನಿಸಿಕೊಳ್ಳುವುದಕ್ಕೆ ಇರುವ ಷರತ್ತು ಅದೊಂದೇ.

ಮಣ್ಣು ಏನು ಮಾಡುತ್ತದೆ? ಬಿದ್ರಿಯ ಮೈ ಬಹುಪಾಲು ಸತು. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ, ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು ಸವರುತ್ತಾರೆ. ಆಗ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಅದರ ಮೇಲೆ ಗೀರಿದ ಚಿತ್ರ ಬೆಳ್ಳಗೆ ಎದ್ದು ಕಾಣುತ್ತದೆ. ಉಳಿಯಿಂದ ಕೆತ್ತಿದ ಗೀರಿಗೆ ಬೆಳ್ಳಿ ತಂತಿ ಕೂರಿಸಿ, ಬಡಿದು, ನುಣುಪು ಮಾಡುತ್ತಾರೆ. ಆಮೇಲೆ ಸ್ವಲ್ಪ ಬಿಸಿ ಮಾಡಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ (ಅಮೋನಿಯಂ ಕ್ಲೋರೈಡ್) ಕಲಸಿದ ನೀರಿನಲ್ಲಿ ಹಾಕಿ ಉಜ್ಜಿದರೆ ಮೈಯೆಲ್ಲ ಕಪ್ಪು, ಬೆಳ್ಳಿ ಮಾತ್ರ ಹಾಗೇ ಬೆಳ್ಳಗೆ.

ಇದರ ಗುಟ್ಟು ಹೈಸ್ಕೂಲಿನ ರಸಾಯನಶಾಸ್ತ್ರದಲ್ಲಿದೆ. ಎಲೆಕ್ಟ್ರಾನ್ ಬಿಟ್ಟುಕೊಡುವುದರಲ್ಲಿ ಎಲ್ಲ ಲೋಹಗಳೂ ಒಂದೇ ಅಲ್ಲ. ವಿಜ್ಞಾನಿಗಳು ಇದನ್ನು ವೋಲ್ಟ್‌ನಲ್ಲಿ ಅಳೆಯುತ್ತಾರೆ. ಸತುವಿಗೆ ಮೈನಸ್ 0.76, ತಾಮ್ರಕ್ಕೆ ಪ್ಲಸ್ 0.34, ಬೆಳ್ಳಿಗೆ ಪ್ಲಸ್ 0.80. ಅಂಕಿ ಕಡಿಮೆ ಇರುವ ಲೋಹ ಲವಣದ ನೀರಿನಲ್ಲಿ ಬೇಗ ಕರಗುತ್ತದೆ, ಹೆಚ್ಚಿರುವುದು ಜಗ್ಗುವುದಿಲ್ಲ. ಮಣ್ಣಿನ ಲವಣ ಮತ್ತು ನವಸಾಗರ ಸೇರಿ ಮೇಲ್ಪದರದ ಸತುವನ್ನು ಚೂರು ಕರಗಿಸುತ್ತವೆ. ಅಲ್ಲಿ ಉಳಿದ ತಾಮ್ರದಿಂದ ತೆಳುವಾದ ಕಪ್ಪು ಪದರ ಕೂರುತ್ತದೆ. ಬರೀ ಸತುವಾಗಿದ್ದರೆ ಈ ಕಪ್ಪು ಬರುವುದಿಲ್ಲ. ಬೆಳ್ಳಿಗೆ ಏನೂ ಆಗುವುದಿಲ್ಲ.

ಹಳೇ ಕಟ್ಟಡದೊಳಗೆ ಬಿಸಿಲು, ಮಳೆ ಕಾಣದೆ ಬಿದ್ದಿರುವ ಮಣ್ಣೇ ಬೇಕು ಎಂದು ಕಸುಬಿನವರು ಹೇಳುವುದರಲ್ಲೂ ಅರ್ಥವಿದೆ. ಆ ಮಣ್ಣಿನಲ್ಲಿರುವ ಪೆಟ್ಲುಪ್ಪಿನಂಥ ನೈಟ್ರೇಟ್ ಲವಣಗಳು ನೀರಿನಲ್ಲಿ ಸಲೀಸಾಗಿ ಕರಗುತ್ತವೆ. ಮಳೆ ಬಿದ್ದ ಮಣ್ಣಿನಿಂದ ಅವು ತೊಳೆದು ಹೋಗಿರುತ್ತವೆ. ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ ಆರಿಸುವುದು ಇದಕ್ಕೇ.

ಈಗ ಹೊಸ ಉಪಕರಣಕ್ಕೆ ಬರೋಣ. ಪತ್ತಾರರ ಅಂಗಡಿಯಲ್ಲಿ ಗಿರ್ರನೆ ತಿರುಗುವ ಮೋಟರ್ ಉಪಕರಣ ನೋಡಿರುತ್ತೀರಿ. ಅದರಿಂದ ಗೀರು ಬೇಗ ಬೀಳುತ್ತದೆ, ಆದರೆ ತಂತಿ ನಿಲ್ಲುವುದು ಕಷ್ಟ. ಉಳಿ ಲೋಹವನ್ನು ಕತ್ತರಿಸುವಾಗ ಅಂಚನ್ನು ಸ್ವಲ್ಪ ಮೇಲಕ್ಕೆ ಎಬ್ಬಿಸುತ್ತದೆ. ಬಡಿದಾಗ ಆ ಅಂಚು ತಂತಿಯ ಮೇಲೆ ಮಡಚಿ ಅದನ್ನು ಹಿಡಿದುಕೊಳ್ಳುತ್ತದೆ. ಮೋಟರಿನ ಮೊನೆ ಲೋಹವನ್ನು ಪುಡಿ ಮಾಡಿ ತೆಗೆದುಬಿಡುತ್ತದೆ, ಮಡಚಲು ಅಂಚೇ ಉಳಿಯುವುದಿಲ್ಲ. ಇದಕ್ಕೆ ದಾರಿ ಇದೆ. ತುದಿ ಅಗಲ, ಕುತ್ತಿಗೆ ಸಣ್ಣ ಇರುವ ಮೊನೆ ಸಿಗುತ್ತದೆ. ಹರಳು ಕೂರಿಸುವವರೂ ಹಲ್ಲಿನ ಡಾಕ್ಟರೂ ಅದನ್ನೇ ಬಳಸುತ್ತಾರೆ. ಅದರಿಂದ ಕೊರೆದ ಗೀರು ಮಡಕೆಯ ಹಾಗೆ, ಬಾಯಿ ಸಣ್ಣ, ಹೊಟ್ಟೆ ದೊಡ್ಡದು. ಮೆತ್ತನೆಯ ಬೆಳ್ಳಿಯನ್ನು ಒಳಗೆ ಬಡಿದರೆ ಅದು ಹರಡಿಕೊಂಡು ಹೊರಬರುವುದಿಲ್ಲ.

ಮೆತ್ತನೆ ಎಂದದ್ದು ಬೇಕೆಂದೇ. 92.5 ಬೆಳ್ಳಿ ಸುಲಭವಾಗಿ ಸಿಗುತ್ತದೆ, ಆದರೆ ಅದರಲ್ಲಿ ಸಾಮಾನ್ಯವಾಗಿ ತಾಮ್ರ ಬೆರೆತಿರುತ್ತದೆ. ಅದಕ್ಕೇ ಗಟ್ಟಿ. ಗೀರಿಗೆ ಚೊಕ್ಕ ಬೆಳ್ಳಿಯೇ ಸರಿ. ಅದನ್ನೂ ತಂತಿ ಎಳೆದ ಮೇಲೆ ಒಮ್ಮೆ ಕಾಯಿಸಬೇಕು. ಎಳೆಯುವಾಗ ಬಿಗಿದುಕೊಂಡ ಲೋಹದ ಹರಳುಗಳು ಆಗ ಮತ್ತೆ ಸಡಿಲವಾಗುತ್ತವೆ.

ಲೇಸರ್ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಅದು ಲೋಹವನ್ನು ಆವಿ ಮಾಡಿ ಗೀರು ಹಾಕುತ್ತದೆ. ಸತು 419 ಡಿಗ್ರಿ ಸೆಲ್ಸಿಯಸ್‌ಗೇ ಕರಗಿ, 907 ಡಿಗ್ರಿಗೆ ಕುದಿಯುತ್ತದೆ. ಆ ಆವಿಯಿಂದ ಏಳುವ ಬಿಳಿ ಹೊಗೆ ಕುಡಿದವರಿಗೆ ಸಂಜೆಗೆ ಚಳಿ ಜ್ವರ ಬರಬಹುದು. ಹೊಗೆ ಎಳೆದು ಹೊರಹಾಕುವ ವ್ಯವಸ್ಥೆ ಇಲ್ಲದ ಸಣ್ಣ ಕೋಣೆಯಲ್ಲಿ ಇದು ಬೇಡವೇ ಬೇಡ.

ಈ 419 ಡಿಗ್ರಿ ಇನ್ನೂ ಅನೇಕ ಆಸೆಗಳಿಗೆ ಅಡ್ಡ ಬರುತ್ತದೆ. ಬೆಳ್ಳಿ ಪುಡಿಯನ್ನು ಅಂಟಿನಲ್ಲಿ ಕಲಸಿ ಮಾಡಿದ ಬೆಳ್ಳಿ ಜೇಡಿ ಈಗ ಆಭರಣ ಮಾಡುವವರಿಗೆ ಬಲು ಇಷ್ಟ. ಕೈಯಲ್ಲೇ ಹೂವು ಮಾಡಿ ಸುಟ್ಟರೆ ಬೆಳ್ಳಿ ಹೂವಾಗುತ್ತದೆ. ಆದರೆ ಸುಡಲು ಸುಮಾರು 600 ಡಿಗ್ರಿಯಾದರೂ ಬೇಕು, ಕೆಳಗಿನ ಬಿದ್ರಿ ಅಷ್ಟರಲ್ಲಿ ನೀರಾಗಿರುತ್ತದೆ. ಬೇರೆಯಾಗಿ ಸುಟ್ಟು ತಂದು ಕೂರಿಸಬೇಕು. ಬೆಳ್ಳಿ ಬೆಸುಗೆಯದೂ ಇದೇ ಕಥೆ. ಓಲೆಯ ಕೊಂಡಿಯನ್ನು ಬೆಸೆಯಲು ಹೋಗದೆ, ಎರಕ ಹೊಯ್ಯುವಾಗಲೇ ಬೆಳ್ಳಿಯ ಪುಟ್ಟ ಕೊಂಡಿಯೊಂದನ್ನು ಅಚ್ಚಿನಲ್ಲಿ ಇಟ್ಟುಬಿಡುವುದು ಜಾಣತನ. ಎಪಾಕ್ಸಿ ಅಂಟು ಬೇಕೆಂದರೆ ಕಪ್ಪು ಬಂದ ಮೇಲೆ ಹಚ್ಚಬೇಕು. ಮೊದಲೇ ಹಚ್ಚಿದರೆ ಬಿಸಿಗೆ ಮೆತ್ತಗಾಗುತ್ತದೆ.

ಕಡಿಮೆ ಬಿಸಿಗೆ ಕರಗುವುದರಿಂದ ಲಾಭವೂ ಇದೆ. ಸತುವಿನ ಮಿಶ್ರಲೋಹವನ್ನು ಸಿಲಿಕೋನ್ ರಬ್ಬರಿನ ಅಚ್ಚಿನಲ್ಲೂ ಹೊಯ್ಯಬಹುದು. ಅಗ್ಗದ ಫ್ಯಾಶನ್ ಆಭರಣಗಳು ಆಗುವುದು ಹೀಗೆ. ಆದರೆ ಆ ಕಾರ್ಖಾನೆಗಳ ರೆಡಿ ಮಿಶ್ರಣದಲ್ಲಿ ಅಲ್ಯೂಮಿನಿಯಂ ಜಾಸ್ತಿ, ತಾಮ್ರ ಕಡಿಮೆ. ರಬ್ಬರ್ ಅಚ್ಚು ತನ್ನಿ, ಮಿಶ್ರಣ ಮಾತ್ರ ನಮ್ಮದೇ ಇರಲಿ.

ತೂಕದ ಲೆಕ್ಕವೂ ಆಗಬೇಕು. 3 ಸೆಂ.ಮೀ. ಅಗಲ, 3 ಮಿ.ಮೀ. ದಪ್ಪದ ಬಿಲ್ಲೆ ಸುಮಾರು 15 ಗ್ರಾಂ ತೂಗುತ್ತದೆ. ಒಂದು ಕಿವಿಗೆ ಇದು ಭಾರವೇ. ದಪ್ಪ ಅರ್ಧ ಮಾಡಿದರೆ ತೂಕವೂ ಅರ್ಧ. ಆದರೆ ಎರಕದ ಸತು ಪೆಡಸು, ತೆಳುವಾದಷ್ಟೂ ಉಳಿಯ ಏಟಿಗೆ ಬಿರುಕು ಬಿಡುತ್ತದೆ. ಚಿಕ್ಕ ಬಿಲ್ಲೆ ಮಾಡಿ ಸುತ್ತ ಮರದ ಅಥವಾ ಬೆಳ್ಳಿ ತಂತಿಯ ಚೌಕಟ್ಟು ಕೊಡುವುದೇ ನನಗೆ ಸರಿ ಅನ್ನಿಸುತ್ತದೆ.

ಇನ್ನು ಬೆವರು. ಅದು ಉಪ್ಪುನೀರು ಅಲ್ವಾ? ಎರಡು ಲೋಹ ತಾಗಿಕೊಂಡಿರುವ ಕಡೆ ಉಪ್ಪುನೀರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿ. ಸವೆಯುವುದು ಸತು. ಹಾಗಾಗಿ ಬಿದ್ರಿ ಉಂಗುರಕ್ಕೆ ಒಳಗಡೆ ಬೆಳ್ಳಿಯ ಪಟ್ಟಿ ಬೇಕು, ಅದರ ಅಂಚಿನಲ್ಲಿ ಬೆವರು ನುಗ್ಗದಂತೆ ಮುಚ್ಚಿರಬೇಕು. ಕಿವಿಗೆ ತಾಗುವ ಕೊಂಡಿ ಬೆಳ್ಳಿಯದೇ ಆಗಲಿ. ಬೆಳ್ಳಿ ಸಾಮಾನು ತೊಳೆದ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕುವಂತಿಲ್ಲ. ಅದರ ಹುಳಿ ಕಪ್ಪು ಪದರವನ್ನೂ ಸತುವನ್ನೂ ತಿನ್ನುತ್ತದೆ. ಕಪ್ಪು ಮಂಕಾಗಿದ್ದರೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ. ಪದರದ ಸಣ್ಣ ಸಣ್ಣ ಕುಳಿಗಳಲ್ಲಿ ಎಣ್ಣೆ ತುಂಬಿಕೊಂಡು ಬೆಳಕು ಚದುರುವುದು ಕಡಿಮೆಯಾಗುತ್ತದೆ, ಕಪ್ಪು ಮತ್ತೆ ಗಾಢವಾಗಿ ಕಾಣುತ್ತದೆ.