ದೇವರಿಗೆ ಕಲ್ಲು, ದೊರೆಗೆ ಮಣ್ಣು

ವಾಸ್ತುಶಿಲ್ಪ ಓದುವ ಹುಡುಗರನ್ನು ಚಿತ್ರದುರ್ಗದ ಕೋಟೆಗೆ ಕರೆದೊಯ್ದಾಗಲೆಲ್ಲ ಒಂದೇ ಪ್ರಶ್ನೆ: “ಸಾರ್, ಅರಮನೆ ಎಲ್ಲಿ?”

ಅವರನ್ನು ಮೊದಲು ಏಕನಾಥಮ್ಮನ ಗುಡಿಯ ಕೆಳಗೆ, ಉಯ್ಯಾಲೆ ಕಂಬದ ಬಳಿ ನಿಲ್ಲಿಸುತ್ತೇನೆ. ಹತ್ತಿರದಲ್ಲೇ ದುರ್ಗವನ್ನಾಳಿದ ನಾಯಕರಿಗೆ ಪಟ್ಟ ಕಟ್ಟುತ್ತಿದ್ದ ಸಂಪಿಗೆ ಸಿದ್ಧೇಶ್ವರನ ಗುಡಿ. ಹಳೆಯ ದುರ್ಗಕ್ಕೆ ನಡುಬಯಲು ಅಂತ ಇದ್ದರೆ ಇದೇ. ಅಳತೆ ಹಿಡಿದು ಬಿಡಿಸಿದ ಚೌಕ ಇದಲ್ಲ, ಬಂಡೆಗಳು ಬಿಟ್ಟುಕೊಟ್ಟಷ್ಟೇ ಜಾಗ. ಎತ್ತರದ ಎರಡು ಕಲ್ಲುಕಂಬ, ಮೇಲೊಂದು ಅಡ್ಡತೊಲೆ, ಜೊತೆಗೆ ದೀಪಸ್ತಂಭ. ಇಷ್ಟರಿಂದಲೇ ಅಂಕುಡೊಂಕು ಬಯಲಿಗೆ ಒಂದು ನಡು ಸಿಕ್ಕಿತು. ದೂರದಿಂದ ಬರುವವನ ಕಣ್ಣು ತಾನಾಗಿ ಇಲ್ಲಿಗೇ ಬಂದು ನಿಲ್ಲುತ್ತದೆ.

ಆಮೇಲೆ ಮಣ್ಣಿನ ಗೋಡೆಗಳತ್ತ ಕೈ ತೋರಿಸುತ್ತೇನೆ. ಅರಮನೆ ಅಲ್ಲಿತ್ತು. ಹುಡುಗರ ಮುಖ ಸಪ್ಪಗಾಗುತ್ತದೆ. ನನಗೋ ಇಡೀ ಕೋಟೆಯಲ್ಲಿ ಹೆಚ್ಚು ಪಾಠ ಹೇಳುವುದು ಆ ಗೋಡೆಗಳೇ. ದೇವರ ಮನೆಗೆ ಕಲ್ಲು, ಮನುಷ್ಯರ ಮನೆಗೆ ಮಣ್ಣು, ಮರ. ಹಂಪಿಯಲ್ಲೂ ಅರಮನೆಗಳ ಜಗತಿ, ಅಂದರೆ ಕಲ್ಲಿನ ಕಟ್ಟೆಯಷ್ಟೇ ಉಳಿದಿರುವುದು ಇದರಿಂದಲೇ.

ಮಣ್ಣು ಅಂದರೆ ಬಡತನ ಅಂದುಕೊಳ್ಳಬೇಡಿ. ನಮ್ಮ ಬಯಲುಸೀಮೆಯ ಸೆಕೆಗೆ ದಪ್ಪ ಮಣ್ಣಿನ ಗೋಡೆಯಷ್ಟು ಹಿತವಾದದ್ದು ಬೇರೆ ಇಲ್ಲ. ಹಗಲಿನ ಬಿಸಿ ಒಳಗೆ ದಾಟುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಆದರೆ ಅದಕ್ಕೆ ಆರೈಕೆ ಬೇಕು. ಹಳ್ಳಿಯ ಮಾಳಿಗೆ ಮನೆಗಳಿಗೆ ಮಳೆಗಾಲಕ್ಕೆ ಮುಂಚೆ, ನೀರು ಇಳಿಯದಂತೆ, ಕರಲು (ಚೌಳು) ಮಣ್ಣು ಹಾಕುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. 1779ರಲ್ಲಿ ಕೋಟೆ ಹೈದರಾಲಿಯ ವಶವಾಗಿ ನಾಯಕರ ಆಳ್ವಿಕೆ ಮುಗಿಯಿತು. ಆಮೇಲೆ ಅರಮನೆಗೆ ಆರೈಕೆ ತಪ್ಪಿತು, ಸೂರೂ ಹೋಯಿತು. ಸೂರಿಲ್ಲದ ಮಣ್ಣಿನ ಗೋಡೆಗೆ ಮಳೆ ನೆತ್ತಿಯಿಂದಲೇ ಇಳಿಯುತ್ತದೆ. ಒಂದು ಜೋರು ಮಳೆಯ ಮರುದಿನ ಹೋಗಿ ನೋಡಿ, ಬುಡದಲ್ಲಿ ನುಣ್ಣನೆಯ ಮಣ್ಣು ಕೂತಿರುತ್ತದೆ.

“ಮೇಲೊಂದು ಸಿಮೆಂಟ್ ಗಿಲಾವು ಬಳಿದರಾಯಿತಲ್ಲ?” ಎಂದು ಅನುಭವಿ ಗುತ್ತಿಗೆದಾರರೂ ಕೇಳುತ್ತಾರೆ. ದಯವಿಟ್ಟು ಆ ಯೋಚನೆಯೇ ಬೇಡ, ನಿಮ್ಮ ಊರಿನ ಹಳೆಯ ಮನೆಗೂ ಬೇಡ. ನೆಲದಿಂದ ಏರಿದ ತೇವ ಮಣ್ಣಿನ ಮೈಯಿಂದ ಆರಿಹೋಗಬೇಕು. ಸಿಮೆಂಟು ಅದನ್ನು ಒಳಗೇ ತಡೆದುಬಿಡುತ್ತದೆ. ಮೇಲೆ ಗಟ್ಟಿ ಚಿಪ್ಪು, ಒಳಗೆ ನೆಂದ ಗೋಡೆ. ಒಂದು ದಿನ ಚಿಪ್ಪು ಹೆಕ್ಕಳಿಕೆಯಾಗಿ ಎದ್ದು ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಮಣ್ಣಿಗೆ ಮಣ್ಣೇ ಮದ್ದು, ಹೆಚ್ಚೆಂದರೆ ಸುಣ್ಣ ಬೆರೆತದ್ದು.

ಕೋಟೆಗೆ ಹೋದವರು ಆ ಗೋಡೆಗಳ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳಬೇಡಿ, ಹೆಸರು ಕೆತ್ತಬೇಡಿ. ನೀವು ಗೀರಿದ ಗೆರೆಯಲ್ಲೇ ಮುಂದಿನ ಮಳೆಯ ನೀರು ದಾರಿ ಹಿಡಿಯುತ್ತದೆ.