ಮೂರೇ ವಾರದಲ್ಲಿ ಬರ ಬರುವುದು ಹೇಗೆ?

ಬರ ಎಂದರೆ ನಿಧಾನಕ್ಕೆ ಬರುವ ಪೀಡೆ ಎಂದೇ ನಮ್ಮ ಲೆಕ್ಕ. ಒಂದಿಡೀ ಹಂಗಾಮು ಮಳೆ ಕೈಕೊಡಬೇಕು, ಕೆರೆಯ ತಳ ಕಾಣಬೇಕು, ಆಮೇಲೆ ಬರ. ಆದರೆ ಒಳ್ಳೆಯ ಹದದಲ್ಲಿದ್ದ ಹೊಲ ಎರಡು ಮೂರು ವಾರದಲ್ಲೇ ಬಾಡಿ ನಿಲ್ಲುವುದೂ ಉಂಟು. ಇದನ್ನು ದಿಢೀರ್ ಬರ ಅನ್ನುತ್ತಾರೆ. ಮಣ್ಣಿನ ತೇವ ಅಳೆಯುವುದು ನನ್ನ ಕೆಲಸ. ಇಂಥ ಹೊತ್ತಿನಲ್ಲಿ ಎಲ್ಲರೂ ಕೇಳುವುದು ಒಂದೇ: ಮಳೆ ಬಂದು ಎಷ್ಟು ದಿನ ಆಯ್ತು? ನಾನು ಅದರ ಜೊತೆಗೆ ಇನ್ನೊಂದು ಕೇಳುತ್ತೇನೆ: ಗಾಳಿ ದಿನಕ್ಕೆ ಎಷ್ಟು ನೀರು ಎಳೆಯುತ್ತಿದೆ?

ಬಟ್ಟೆ ಬೇಗ ಒಣಗಲು ಏನು ಬೇಕು? ಬಿಸಿಲು, ಸೆಕೆ, ಒಣಹವೆ, ಗಾಳಿ. ನಾಲ್ಕೂ ಒಟ್ಟಿಗೆ ಸೇರಿದರೆ ದಪ್ಪನೆಯ ಬೆಡ್‌ಶೀಟೂ ಮಧ್ಯಾಹ್ನದೊಳಗೆ ಗರಿಗರಿ. ಹೊಲಕ್ಕೂ ಇದೇ ಆಗುತ್ತದೆ.

ಈ ನಾಲ್ಕರಲ್ಲಿ ಜನ ಕಡೆಗಣಿಸುವುದು ಒಣಹವೆಯನ್ನು. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 23 ಗ್ರಾಂ ನೀರಾವಿ ಹಿಡಿಯಬಲ್ಲದು. 35 ಡಿಗ್ರಿಗೆ ಹೋದರೆ ಸುಮಾರು 40 ಗ್ರಾಂ. ಗಾಳಿಯಲ್ಲಿ ಈಗ ಇರುವುದು 14 ಗ್ರಾಂ ಅಂತಿಟ್ಟುಕೊಳ್ಳಿ. ಮೊದಲು ಖಾಲಿ ಇದ್ದ ಜಾಗ 9 ಗ್ರಾಂನಷ್ಟು, ಈಗ 26 ಗ್ರಾಂನಷ್ಟು. ಬಿಸಿ ಏರಿದ್ದು ಹತ್ತೇ ಡಿಗ್ರಿ, ಗಾಳಿಯ ಬಾಯಾರಿಕೆ ಹೆಚ್ಚುಕಮ್ಮಿ ಮೂರು ಪಟ್ಟಾಯಿತು. ಹಾಗಂತ ಹೊಲದ ನೀರೂ ಮೂರು ಪಟ್ಟು ವೇಗದಲ್ಲಿ ಹೋಗುತ್ತದೆ ಎಂದಲ್ಲ. ಬಿಸಿಲು, ಗಾಳಿಯ ವೇಗ, ಬೆಳೆ ಎಷ್ಟು ಎಲೆ ಬಿಟ್ಟಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಇನ್ನು ಮಣ್ಣಿನ ಕಡೆಯ ಲೆಕ್ಕ. ಹದವಾದ ಗೋಡು ಮಣ್ಣಿನಲ್ಲಿ ಮೇಲಿನ ಅರ್ಧ ಮೀಟರ್‌ ಆಳದವರೆಗೆ ಬೆಳೆಗೆ ಸಿಗುವ ನೀರು ಸುಮಾರು 75 ಮಿಲಿಮೀಟರ್. ಅದರಲ್ಲೂ ಸುಲಭವಾಗಿ ದಕ್ಕುವುದು ಅರ್ಧದಷ್ಟು ಮಾತ್ರ. ಉಳಿದಿದ್ದನ್ನು ಬೇರು ಒದ್ದಾಡಿ ಹೀರಬೇಕು. ದಿನಕ್ಕೆ 4 ಮಿಲಿಮೀಟರ್ ಖರ್ಚಾದರೆ ಆ ಸುಲಭದ ಪಾಲು ಒಂಬತ್ತು ಹತ್ತು ದಿನ ಬರುತ್ತದೆ. 7 ಮಿಲಿಮೀಟರ್ ಆದರೆ ಐದೇ ದಿನ. ಮರಳು ಮಣ್ಣಾದರೆ ಅಷ್ಟೂ ಇಲ್ಲ. ಅಂದರೆ ಎರಡು ಕಡೆ ಮಳೆ ಒಂದೇ ದಿನ ನಿಂತರೂ ಬೆಳೆ ಒಂದೇ ದಿನ ಬಾಡುವುದಿಲ್ಲ.

ಇದನ್ನು ಗಿಡದಲ್ಲೇ ನೋಡಬಹುದು. ಮುಸುಕಿನ ಜೋಳದ ಎಲೆ ಮೊದಮೊದಲು ಮಧ್ಯಾಹ್ನದ ಹೊತ್ತಿಗೆ ಸುರುಳಿ ಸುತ್ತುತ್ತದೆ. ಸಂಜೆಗೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಕೆಲವು ದಿನ ಕಳೆದರೆ ಬೆಳಗ್ಗೆಯೇ ಸುರುಳಿ. ಆ ಹೊತ್ತಿಗೆ ಎಲೆಯ ಸಣ್ಣ ರಂಧ್ರಗಳನ್ನು ಗಿಡ ಮುಚ್ಚಿಕೊಂಡಿರುತ್ತದೆ. ನೀರು ಉಳಿಯುತ್ತದೆ ನಿಜ, ಆದರೆ ಎಲೆ ತಂಪಾಗುವುದೂ ನಿಲ್ಲುತ್ತದೆ. ಚೆನ್ನಾಗಿ ನೀರುಂಡ ಎಲೆ ಬಿಸಿಲ ಹೊತ್ತಿನಲ್ಲಿ ಸುತ್ತಲಿನ ಗಾಳಿಗಿಂತ ತಣ್ಣಗಿರುತ್ತದೆ. ಎಲೆ ಗಾಳಿಗಿಂತ ಬಿಸಿಯಾಗಿದೆ ಅಂದರೆ ಸಾಮಾನ್ಯವಾಗಿ ಬೇರಿಗೆ ನೀರು ಸಾಲುತ್ತಿಲ್ಲ ಎಂದು ಅರ್ಥ. ಉಪಗ್ರಹಗಳು ನೆಲದ ಉಷ್ಣತೆ ನೋಡಿ ಗುರುತಿಸುವುದೂ ಇದನ್ನೇ.

ನನ್ನ ಪ್ರಕಾರ ಇಡೀ ಕತೆಯ ತಿರುವು ಇಲ್ಲೇ ಇದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 24 ಲಕ್ಷ ಜೂಲ್ ಶಾಖ ಬೇಕು. ನೆಲದಲ್ಲಿ ತೇವ ಇರುವವರೆಗೆ ಬಿಸಿಲಿನ ಹೆಚ್ಚಿನ ಪಾಲು ಆ ಕೆಲಸಕ್ಕೆ ಹೋಗುತ್ತದೆ. ತೇವ ತೀರಿದ ಮೇಲೆ ಅದೇ ಬಿಸಿಲು ಸೀದಾ ನೆಲವನ್ನು, ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿಗೆ ಬಾಯಾರಿಕೆ ಜಾಸ್ತಿ. ಅದು ಉಳಿದ ತೇವವನ್ನೂ ಎಳೆಯುತ್ತದೆ. ಕೆಳಗಿನಿಂದ ಆವಿ ಏರುವುದು ಕಡಿಮೆಯಾದಾಗ ಮೋಡ ಕಟ್ಟುವುದೂ ಕಷ್ಟ. ಈ ಚಕ್ರ ಒಮ್ಮೆ ತಿರುಗಲು ಶುರುವಾದರೆ ದಿನದಿನಕ್ಕೂ ಬಿಗಿಯಾಗುತ್ತದೆ.

ಇದಕ್ಕೆ ಚಾಲನೆ ಕೊಡುವುದು ಸಾಮಾನ್ಯವಾಗಿ ಒಂದೇ ಕಡೆ ಬೀಡುಬಿಟ್ಟ ಅಧಿಕ ಒತ್ತಡದ ವಲಯ. ಅಲ್ಲಿ ಗಾಳಿ ಮೇಲಿನಿಂದ ಕೆಳಗಿಳಿಯುತ್ತದೆ. ಇಳಿಯುತ್ತಾ ಬಿಸಿಯಾಗುತ್ತದೆ, ಒಣಗುತ್ತದೆ. ಮೋಡ ಇಲ್ಲ, ಮಳೆ ಇಲ್ಲ, ದಿನವಿಡೀ ಬಿರುಬಿಸಿಲು. ಮಾನ್ಸೂನ್ ಪ್ರದೇಶಗಳಲ್ಲಿ ಮಳೆಗಾಲದ ನಡುವೆ ಮಳೆ ಬಿಡುವು ಕೊಡುತ್ತದಲ್ಲ, ಆ ಬಿಡುವು ಉದ್ದವಾದರೂ ಇದೇ ಗತಿ. ಆಗ ಬೇಸಿಗೆಯ ಸುಡುಬಿಸಿಲೇ ಬೇಕೆಂದಿಲ್ಲ.

ಅಮೆರಿಕದ 2012ರ ಬರದಲ್ಲಿ ಇದೆಲ್ಲ ಒಟ್ಟಿಗೆ ಬಂತು. ಆ ವರ್ಷದ ಮಾರ್ಚ್ ಅಲ್ಲಿ ದಾಖಲೆಯ ಬಿಸಿಯದು. ಗಿಡಗಳು ಬೇಗ ಚಿಗುರಿದವು. ನೋಡಿದವರಿಗೆ ಖುಷಿಯೇ ಆಗಿರಬೇಕು. ಆದರೆ ಬೇಗ ಚಿಗುರಿದ ಹಸಿರು ಮಣ್ಣಿನ ನೀರನ್ನೂ ಬೇಗ ಕುಡಿಯಿತು. ಮೇ ತಿಂಗಳಿಂದ ಮಳೆ ಹಿಂಜರಿಯಿತು, ಜೂನ್-ಜುಲೈಗೆ ಬಿಸಿಗಾಳಿ. ಜುಲೈ ಹೊತ್ತಿಗೆ ಅಲಾಸ್ಕ, ಹವಾಯಿ ಬಿಟ್ಟು ಉಳಿದ ನೆಲದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಬರದಲ್ಲಿತ್ತು. ಮುಸುಕಿನ ಜೋಳ ಎಕರೆಗೆ 166 ಬುಷೆಲ್ (ಒಂದು ಬುಷೆಲ್ ಜೋಳ ಅಂದರೆ ಸುಮಾರು 25 ಕಿಲೊ) ಬರುತ್ತದೆ ಎಂದು ಮೇ ತಿಂಗಳಲ್ಲಿ ಸರ್ಕಾರಿ ಅಂದಾಜು. ಕೊನೆಗೆ ಸಿಕ್ಕಿದ್ದು 123ರ ಆಸುಪಾಸು. ಹೂ ಬಿಡುವ ಹೊತ್ತಿಗೆ ನೀರು ತಪ್ಪಿದರೆ ಆಮೇಲೆ ಎಷ್ಟು ಸುರಿದರೂ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ.

ಮೂರು ತಿಂಗಳ ಮಳೆ ಕೂಡಿಸಿ ನೋಡುವ ಸೂಚ್ಯಂಕಗಳಿಗೆ ಇಂಥದ್ದು ಬೇಗ ಕಾಣುವುದಿಲ್ಲ. ಹಿಂದಿನ ಎರಡು ತಿಂಗಳು ಚೆನ್ನಾಗಿ ಮಳೆಯಾಗಿದ್ದರೆ ಕಾಗದದ ಮೇಲೆ ಎಲ್ಲ ಸರಿಯಾಗಿಯೇ ಇರುತ್ತದೆ. ಅದಕ್ಕೇ ನಾನು ವಾರದ ಲೆಕ್ಕ ಇಡಿ ಅನ್ನುವುದು. ಬೇರಿನ ಆಳದಲ್ಲಿ ತೇವ ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ವೇಗವಾಗಿ ಇಳಿಯುತ್ತಿದೆ ಎಂಬುದನ್ನು ನೋಡಬೇಕು. ಆ ಜಾಗದ, ಆ ವಾರದ ವಾಡಿಕೆಯ ಜೊತೆ ಹೋಲಿಸಬೇಕು. ಮುಂದಿನ ಹತ್ತು ದಿನದ ಮುನ್ಸೂಚನೆಯಲ್ಲಿ ಮಳೆಯ ಸಾಲಿನ ಜೊತೆಗೆ ಗಾಳಿಯ ತೇವಾಂಶ, ಬೀಸುವ ವೇಗವನ್ನೂ ಓದಬೇಕು.

ಒಂದು ಜೋರು ಮಳೆ ಬಂದ ಕೂಡಲೇ ಬರ ಮುಗಿಯಿತು ಎಂದುಕೊಳ್ಳುವವರೂ ಇದ್ದಾರೆ. ಒಣಗಿ ಗಟ್ಟಿಯಾದ ನೆಲದ ಮೇಲೆ ರಭಸದಿಂದ ಬಿದ್ದ ನೀರು ಬಹುಪಾಲು ಹರಿದೇ ಹೋಗುತ್ತದೆ. ಮೇಲೆ ಹಸಿ, ಒಂದು ಗೇಣು ಅಗೆದರೆ ಧೂಳು. ಅದೇ 2012ರ ಬರ ಅಮೆರಿಕದ ಬಯಲಿನ ಹಲವೆಡೆ 2013ಕ್ಕೂ ಮುಂದುವರಿಯಿತು.